ಕಾರ್ಡುದಾರರ ಹೆಸರು

ಅಮೆರಿಕದ ಚುನಾವಣೆಯ ಒಂದು ಲಕೋಟೆಯನ್ನು ಹಾಳು ಮಾಡಿದವಳು ನಾನು. ಸೌದಿಯ ಅಲ್ ಖೋಬರಿನ ನಮ್ಮ ಆಫೀಸಿನಲ್ಲಿ, ಹಾಡಹಗಲಿನಲ್ಲಿ, ನೀಲಿ ಪೆನ್ನಿನಿಂದ. ಅದೂ ಕಾಗದಪತ್ರದ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವಳು. ಜುಬೈಲಿನ ಕಾರ್ಖಾನೆಗಳಿಗೆ ಹೋಗುವ ನಕ್ಷೆ, ಪರವಾನಗಿ, ತರಬೇತಿಯ ಪಟ್ಟಿ ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೋಗಬೇಕು. ಒಂದು ತಾರೀಕು ತಪ್ಪಿದ್ದರೂ ಹಿಡಿದು ವಾಪಸ್ ಕಳಿಸುತ್ತೇನೆ. ಎಂಜಿನಿಯರುಗಳು ನನ್ನನ್ನು ಕಂಡರೆ ಸ್ವಲ್ಪ ಹೆದರುತ್ತಾರೆ, ಅದು ನನಗೆ ಖುಷಿಯ ವಿಷಯವೇ.

ಆ ದಿನ ನನ್ನ ತಲೆ ಸರಿಯಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಿಜಕ್ಕೂ ಸರಿಯಿರಲಿಲ್ಲ. ಹಿಂದಿನ ಶುಕ್ರವಾರವಷ್ಟೇ ನಮ್ಮ ಕನ್ನಡ ಸಂಘದ ಅಧ್ಯಕ್ಷರು ನನ್ನ ಮುಖಕ್ಕೆ ಬಾಗಿಲು ಹಾಕಿದ್ದರು. ಜನವರಿಯ ಮಹಾಸಭೆಯಲ್ಲಿ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲುತ್ತೇನೆ ಎಂದು ನಾನು ಹೇಳಿದ್ದೆ. ಏಳೆಂಟು ವರ್ಷದಿಂದ ಮಕ್ಕಳ ಕನ್ನಡ ತರಗತಿ ನಡೆಸುತ್ತಿದ್ದವಳು ನಾನು, ರಾಜ್ಯೋತ್ಸವಕ್ಕೆ ಹಾಲ್ ಹುಡುಕುತ್ತಿದ್ದವಳು ನಾನು, ಊಟಕ್ಕೆ ಎಷ್ಟು ಜನ ಎಂದು ಮನೆಮನೆಗೆ ಫೋನು ಮಾಡುತ್ತಿದ್ದವಳೂ ನಾನೇ. ಆ ಕೆಲಸಕ್ಕೊಂದು ಹುದ್ದೆ ಇದೆ, ಅದು ನನಗೆ ಬೇಕು ಎಂದೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ, ಹಿರಿಯರು, ಮಂಗಳೂರಿನವರು. ಅವರು ನಕ್ಕರು. "ನಿಮಗೆ ಓಟೇ ಇಲ್ಲವಲ್ಲ ಮಾರಾಯ್ರೆ. ಒಂದು ಮನೆಗೆ ಒಂದು ಮೆಂಬರ್ ಕಾರ್ಡು, ಒಂದು ಕಾರ್ಡಿಗೆ ಒಂದು ಓಟು. ಕಾರ್ಡು ನಿಮ್ಮ ಯಜಮಾನರ ಹೆಸರಲ್ಲಿ ಉಂಟು. ಅವರು ನಿಲ್ಲಲಿ, ಕೆಲಸ ನೀವೇ ಮಾಡಿ. ಯಾರು ಬೇಡ ಹೇಳ್ತಾರೆ?"

ಹೊಟ್ಟೆ ಉರಿದುಹೋಯಿತು. ನನ್ನ ಯಜಮಾನರಿಗೆ ಸಂಘದ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೂ ಗೊತ್ತಿಲ್ಲ. ಅದೇ ದಿನ ಅದೇ ಹಾಲಿನಲ್ಲಿ ನಮ್ಮ ಗಂಡಸರು ಕೋಳಿ ಸುಕ್ಕ ತಿನ್ನುತ್ತ ಅಮೆರಿಕದ ಚುನಾವಣೆಯನ್ನು ಅರೆದು ಕುಡಿಯುತ್ತಿದ್ದರು. ಅಧ್ಯಕ್ಷ ಸ್ಥಾನಕ್ಕೆ ಅಲ್ಲಿ ಹೆಂಗಸೊಬ್ಬರು ನಿಂತಿದ್ದ ವರ್ಷ ಅದು. "ಇಷ್ಟು ವರ್ಷ ಆಯ್ತು, ಒಬ್ಬಳೇ ಒಬ್ಬ ಹೆಂಗಸನ್ನು ಕೂರಿಸ್ಲಿಕ್ಕೆ ಅವರಿಗೆ ಆಗ್ಲಿಲ್ಲ. ನಮ್ಮಲ್ಲಿ ಯಾವಾಗಲೋ ಆಗಿಹೋಯ್ತು" ಎಂದು ಒಬ್ಬರು ಎದೆಯುಬ್ಬಿಸಿ ಹೇಳಿದರು. ಉಳಿದವರು ತಲೆಯಾಡಿಸಿದರು. ಅವರ ಎಲೆಗೆ ನೀರುದೋಸೆ ಬಡಿಸುತ್ತ ನಿಂತಿದ್ದ ನಮ್ಮಲ್ಲಿ ಒಬ್ಬರಿಗೂ ಆ ಹಾಲಿನೊಳಗೆ ಓಟಿರಲಿಲ್ಲ.

ಆ ಉರಿಯನ್ನು ಹೊತ್ತುಕೊಂಡೇ ಆಫೀಸಿಗೆ ಹೋಗಿದ್ದೆ. ನನ್ನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದವರು ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡುವ ಅಮೆರಿಕದ ಹೆಂಗಸು. ದಕ್ಷಿಣದ ಒಂದು ರಾಜ್ಯದ ಕಪ್ಪು ಜನಾಂಗದವರು, ನನಗಿಂತ ಹತ್ತು ವರ್ಷ ದೊಡ್ಡವರು. ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರು ಬೇರೆ ಯಾವುದಕ್ಕೂ ಓಗೊಡುತ್ತಿರಲಿಲ್ಲ. ಆ ಬೆಳಿಗ್ಗೆ ಅವರು ಒಂದು ಲಕೋಟೆ ಹಿಡಿದುಕೊಂಡು ಬಂದರು. ಹೊರದೇಶದಲ್ಲಿದ್ದರೂ ಅವರಿಗೆ ಅಂಚೆಯಲ್ಲಿ ಓಟು ಹಾಕುವ ಹಕ್ಕಿದೆ. ಆದರೆ ಅವರ ರಾಜ್ಯದವರು ಲಕೋಟೆಯ ಮೇಲೆ ಒಬ್ಬ ಸಾಕ್ಷಿಯ ಹೆಸರು, ವಿಳಾಸ, ಸಹಿ ಕೇಳುತ್ತಾರಂತೆ.

"ನಿಮ್ಮ ದೇಶದವರೇ ಆಗಬೇಕಾ?" ಎಂದು ಕೇಳಿದೆ. ಬೇಡ, ಪ್ರಾಯಕ್ಕೆ ಬಂದ ಯಾರಾದರೂ ಸಾಕು ಎಂದರು. ಅವರು ಫೈಲಿನ ಮರೆಯಲ್ಲಿ ಗುರುತು ಹಾಕುವಾಗ ನಾನು ಶಿಸ್ತಾಗಿ ಗೋಡೆಯ ಕಡೆ ಮುಖ ಮಾಡಿ ಕೂತೆ. ಮತಪತ್ರವನ್ನು ಒಳಗಿಟ್ಟು ಅಂಟಿಸಿ ಕೊಟ್ಟರು. ನಾನು ಪೆನ್ನು ತೆಗೆದು ಸರಸರನೆ ತುಂಬಿಸಿದೆ.

ಅಕ್ಕ ಓದಿದರು. ಇನ್ನೊಮ್ಮೆ ಓದಿದರು. "ಈ ಗಂಡಸು ಯಾರು?"

"ನನ್ನ ಗಂಡ."

"ಅವರು ಎಲ್ಲಿದ್ದಾರೆ?"

"ಜುಬೈಲಿನಲ್ಲಿ, ಡ್ಯೂಟಿಯಲ್ಲಿ."

"ಮತ್ತೆ ನಾನು ಓಟು ಹಾಕಿದ್ದನ್ನು ಅವರು ಹೇಗೆ ನೋಡಿದರು?"

ಲಕೋಟೆಯನ್ನು ಕಸಿದುಕೊಂಡು ನೋಡಿದೆ. ಹೆಸರಿನ ಜಾಗದಲ್ಲಿ ಗಂಡನ ಹೆಸರು, ಪಕ್ಕದಲ್ಲಿ ಯಾರೂ ಕೇಳದ ಅವರ ಇಕಾಮಾದ, ಅಂದರೆ ವಾಸದ ಪರವಾನಗಿಯ ನಂಬರು, ಕೆಳಗೆ ನನ್ನ ಸಹಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹದಿನಾಲ್ಕು ವರ್ಷ ಈ ದೇಶದಲ್ಲಿ ನಾನು ತುಂಬಿಸಿದ ಅರ್ಜಿಗಳೆಲ್ಲ ಹಾಗೆಯೇ. ನಾನಿರುವುದೇ ಗಂಡನ ಇಕಾಮಾದ ಮೇಲೆ, ಅವಲಂಬಿತಳಾಗಿ. ಮಕ್ಕಳ ಶಾಲೆ, ಕ್ಲಿನಿಕ್, ಮನೆ ಬಾಡಿಗೆ ಎಲ್ಲ ಕಡೆ ಮೊದಲ ಸಾಲಿನಲ್ಲಿ ಅವರ ಹೆಸರು. ತುಂಬಿಸುವ ಕೈ ಮಾತ್ರ ನನ್ನದು. ಆ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಅಕ್ಕ ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು. ಹಾಳಾದ ಲಕೋಟೆಯಿಂದ ಮತಪತ್ರವನ್ನು ಬಿಡಿಸಿ, ಹೊಸ ಲಕೋಟೆಗೆ ಅಂಟಿಸುವ ಹಾಳೆಯನ್ನು ಮುದ್ರಿಸಲು ಹಾಕಿದರು. ನಮ್ಮ ಪ್ರಿಂಟರ್ ಬಿಸಿಯಾಗಲು ಕಾಲು ಗಂಟೆ ಬೇಕು. ಆ ಕಾಲು ಗಂಟೆಯಲ್ಲಿ ಅವರು ತಮ್ಮ ಅಜ್ಜಿಯ ವಿಷಯ ಹೇಳಿದರು.

ಅಜ್ಜಿ ಒಂದು ಶಾಲೆಯಲ್ಲಿ ಅಡುಗೆಯವರು. ಆಗ ಅವರ ಊರಿನಲ್ಲಿ ಕಪ್ಪು ಜನರು ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ಗುಮಾಸ್ತನಿಗೆ ಅರ್ಥ ಹೇಳಬೇಕಿತ್ತು. ಅಜ್ಜಿ ಓದಿದರು, ಹೇಳಿದರು. ನೀನು ಹೇಳಿದ್ದು ಸರಿಯಿಲ್ಲ ಎಂದ ಗುಮಾಸ್ತ. ಅವರ ಹಿಂದೆ ನಿಂತಿದ್ದ ಬಿಳಿಯ ಗಂಡಸು ಏನೂ ಓದದೆ ಹೆಸರು ಬರೆದು ಹೋದ. ಮರುವರ್ಷವೂ ಹಾಗೆಯೇ. ಕಾನೂನು ಬದಲಾದ ಮೇಲೆ ಅಜ್ಜಿ ಮೂರನೆಯ ಸಲ ಹೋದಾಗ ಅದೇ ಮೇಜು, ಅದೇ ಗುಮಾಸ್ತ. ಈಗ ಪೆನ್ನು ಕೊಡದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಅಜ್ಜಿ ಎಷ್ಟು ಒತ್ತಿ ಹೆಸರು ಬರೆದರೆಂದರೆ ಕೆಳಗಿನ ಹಾಳೆಯ ಮೇಲೂ ಅಚ್ಚು ಬಿತ್ತಂತೆ.

"ಅಜ್ಜಿಯನ್ನು ತಡೆದದ್ದು ಬಣ್ಣ" ಎಂದರು ಅಕ್ಕ. "ಅಮ್ಮನ ಕಾಲಕ್ಕೆ ಓಟು ಬಂದಿತ್ತು. ಆದರೆ ನಮ್ಮ ಚರ್ಚಿನಲ್ಲಿ ಯಾರನ್ನು ನಿಲ್ಲಿಸಬೇಕು ಎಂದು ತೀರ್ಮಾನ ಮಾಡುತ್ತಿದ್ದದ್ದು ನಮ್ಮ ಗಂಡಸರೇ. ಅಮ್ಮ ಮತ್ತು ಅವಳ ಗೆಳತಿಯರು ಮೀನು ಕರಿದು ಬಡಿಸಿ, ಆಮೇಲೆ ಮನೆಮನೆ ತಿರುಗಿ ಓಟು ಕೇಳಿ ಬರಬೇಕಿತ್ತು."

ನೀರುದೋಸೆಯ ವಿಷಯವನ್ನು ನಾನು ಆಗ ಹೇಳಿದೆ. ಅಕ್ಕ ನಗಲಿಲ್ಲ. ನಿಮ್ಮ ಸಂಘದ ನಿಯಮವನ್ನು ನೀನು ಓದಿದ್ದೀಯಾ, ಅಥವಾ ಅವರು ಹೇಳಿದ್ದನ್ನು ಕೇಳಿದ್ದೀಯಾ ಎಂದರು. ಊರಿನವರ ಕಾಗದದಲ್ಲೆಲ್ಲ ತಪ್ಪು ಹಿಡಿಯುವ ನಾನು ಅದೊಂದು ಕಾಗದವನ್ನು ಕಣ್ಣೆತ್ತಿ ನೋಡಿರಲಿಲ್ಲ.

ಹೊಸ ಹಾಳೆಯ ಮೇಲೆ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದೆ. ಅಕ್ಕ ಅಂದೇ ಕೊರಿಯರ್ ಮಾಡಿದರು. ಎರಡು ವಾರ ನಾನು ಅವರಿಗಿಂತ ಹೆಚ್ಚು ಒದ್ದಾಡಿದೆ, ದಿನಕ್ಕೆ ಮೂರು ಸಲ ಅವರ ಕೋಣೆಗೆ ಇಣುಕಿ ಕೇಳುತ್ತಿದ್ದೆ. ಕೊನೆಗೆ ಮತ ಸ್ವೀಕರಿಸಲಾಗಿದೆ ಎಂಬ ಸಾಲು ಅವರ ಪರದೆಯ ಮೇಲೆ ಬಂತು. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಹೆಂಗಸು ಸೋತರು. ಅಕ್ಕನ ಕಣ್ಣು ಕೆಂಪಾಗಿತ್ತು, ಆದರೆ ಅವರು ಆ ದಿನ ಒಳ್ಳೆಯ ಉಡುಪು ತೊಟ್ಟು ಬಂದಿದ್ದರು. ಅವರ ಊರಿನಲ್ಲಿ ನ್ಯಾಯಾಧೀಶರನ್ನೂ ಓಟು ಹಾಕಿಯೇ ಆರಿಸುತ್ತಾರಂತೆ. ಆ ಸ್ಥಾನಕ್ಕೆ ಮೊದಲ ಸಲ ಕಪ್ಪು ಹೆಂಗಸೊಬ್ಬರು ಗೆದ್ದಿದ್ದರು. ಅಜ್ಜಿಯನ್ನು ವಾಪಸ್ ಕಳಿಸಿದ ಮೇಜು ಇದ್ದದ್ದು ಅದೇ ನ್ಯಾಯಾಲಯದ ಕಟ್ಟಡದಲ್ಲಿ. "ಸೋತದ್ದು ಹೌದು, ಆದರೆ ನಮ್ಮನ್ನು ಎಣಿಸಿದ ಮೇಲೆ ಸೋತದ್ದು" ಎಂದು ಹೇಳಿ ಅಕ್ಕ ಇಡೀ ಆಫೀಸಿಗೆ ಖರ್ಜೂರ ಹಂಚಿದರು.

ನಾನು ಅಷ್ಟರಲ್ಲಿ ಸಂಘದ ನಿಯಮಾವಳಿ ತರಿಸಿ ಓದಿದ್ದೆ. ಕುಟುಂಬಕ್ಕೊಂದು ಕಾರ್ಡು, ಕಾರ್ಡಿಗೊಂದು ಮತ, ಮತ ಹಾಕುವ ಮತ್ತು ಸ್ಪರ್ಧಿಸುವ ಹಕ್ಕು ಕಾರ್ಡುದಾರರದ್ದು. ಅಷ್ಟೇ. ಕಾರ್ಡುದಾರರು ಗಂಡಸಾಗಿರಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ಕಾರ್ಡುದಾರರು ಅಂದರೆ ಪ್ರತಿ ಡಿಸೆಂಬರಿನಲ್ಲಿ ತುಂಬಿಸುವ ಅರ್ಜಿಯ ಮೊದಲ ಸಾಲಿನಲ್ಲಿ ಹೆಸರಿರುವವರು. ಆ ಅರ್ಜಿ ತುಂಬಿಸುವವರು ಯಾರು? ನಮ್ಮ ಗಂಡಸರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ. ಎಲ್ಲ ಮನೆಯಲ್ಲೂ ಹೆಂಗಸರೇ ತುಂಬಿಸಿ, ಗಂಡನ ಹೆಸರು ಬರೆದು ಕಳಿಸುವುದು. ನಮ್ಮ ಓಟನ್ನು ಯಾರೂ ಕಸಿದುಕೊಂಡಿರಲಿಲ್ಲ. ವರ್ಷವರ್ಷವೂ ನಾವೇ ನೀಟಾದ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆವು.

ಫೋನು ಹಿಡಿದು ಕೂತೆ. ಊಟಕ್ಕೆ ತಲೆ ಎಣಿಸಿ ಎಣಿಸಿ ಎಲ್ಲರ ನಂಬರೂ ನನ್ನ ಬಳಿ ಇತ್ತಲ್ಲ. "ಈ ಸಲ ಮೊದಲ ಸಾಲಲ್ಲಿ ನಿಮ್ಮ ಹೆಸರು ಬರೀರಿ" ಎಂದೆ. ಕೆಲವರು ಹೆದರಿದರು. "ಇವರು ಎಂತ ಹೇಳ್ತಾರೋ" ಎಂದವರಿಗೆ, "ಅವರು ಅರ್ಜಿ ಓದಿದ್ದು ಯಾವತ್ತಾದರೂ ಉಂಟಾ?" ಎಂದು ಕೇಳಿದೆ. ಇಪ್ಪತ್ತು ವರ್ಷದಿಂದ ಖೋಬರಿನಲ್ಲಿರುವ ಉಡುಪಿ ಕಡೆಯ, ನಾವೆಲ್ಲ ಬಾಯಮ್ಮ ಎಂದು ಕರೆಯುವ ಕೊಂಕಣಿ ಹೆಂಗಸೊಬ್ಬರು, "ನನ್ನ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟ್ ನೋಡಿ ಬರೀಬೇಕು ಮಾರಾಯ್ತಿ, ಮರ್ತೇ ಹೋಗಿದೆ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ಮನೆಯ ಅರ್ಜಿಯನ್ನು ಮಾತ್ರ ನಾನು ಗಂಡನಿಗೆ ತೋರಿಸಿಯೇ ಕಳಿಸಿದೆ. ಕದ್ದು ಮಾಡುವ ಜಾಯಮಾನ ನನ್ನದಲ್ಲ.

"ನನ್ನ ಹೆಸರು ಎಲ್ಲಿ?" ಎಂದರು ಅವರು.

"ಕೆಳಗೆ ಉಂಟಲ್ಲ. ಅವಲಂಬಿತರು ಅಂತ."

"ನಾನು ಅವಲಂಬಿತನಾ?"

"ಸಂಘದಲ್ಲಿ ಮಾತ್ರ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ, ಕಳಿಸು" ಎಂದರು.

ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ ಊರ ಹೊರಗೆ ಬಾಡಿಗೆಗೆ ಸಿಗುವ ಒಂದು ಇಸ್ತಿರಾಹದಲ್ಲಿ, ಅಂದರೆ ತೋಟದ ಮನೆಯಲ್ಲಿ ಮಹಾಸಭೆ. ಕಾರ್ಯದರ್ಶಿಯಾಗಿದ್ದವರು ಅರ್ಜಿಗಳಿಂದ ಕಂಪ್ಯೂಟರ್ ತೆಗೆದುಕೊಟ್ಟ ಪಟ್ಟಿ ಹಿಡಿದು ಕಾರ್ಡುದಾರರ ಹೆಸರು ಓದತೊಡಗಿದರು. ಮೊದಲ ಹೆಸರು ಹೆಂಗಸಿನದು. ಎರಡನೆಯದೂ. ಮೂರನೆಯದಕ್ಕೆ ಅವರು ನಿಲ್ಲಿಸಿ ಹಾಳೆ ತಿರುಗಿಸಿ ನೋಡಿದರು. ಬಾಯಮ್ಮನ ಹೆಸರು ಬಂದಾಗ ಯಾರೂ ಏಳಲಿಲ್ಲ. ಇನ್ನೊಮ್ಮೆ ಓದಿದರು. ಬಾಯಮ್ಮ ಹಿಂದಕ್ಕೆ ತಿರುಗಿ, ಯಾರಪ್ಪಾ ಅದು ಎನ್ನುವಂತೆ ಹುಡುಕುತ್ತಿದ್ದರು. ಅವರ ಗಂಡನೇ ಮೊಣಕೈಯಿಂದ ತಿವಿದು, "ನಿನ್ನನ್ನೇ ಕರೆಯುದು" ಎಂದರು. ಬಾಯಮ್ಮ ಎದ್ದು ನಿಂತು, ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿ "ಹಾಜರ್" ಎಂದರು. ಮೊದಲು ಹಾಲೆಲ್ಲ ನಕ್ಕಿತು, ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ.

"ಇದು ಮೋಸ" ಎಂದರು ಅಧ್ಯಕ್ಷರು. ನಾನು ನಿಯಮ ಓದಿದೆ, ಪುಟದ ಸಂಖ್ಯೆಯೊಂದಿಗೆ. ಅವರು ಕಿತ್ತುಕೊಂಡು ತಾವೂ ಓದಿದರು. ಕೊನೆಗೆ ಸೋತ ದನಿಯಲ್ಲಿ, "ಹಾಗಾದರೆ ಗಂಡಸರು ಎಂತ ಮಾಡುದು?" ಎಂದರು. "ಊಟದ ಕಡೆ ಸ್ವಲ್ಪ ನೋಡಿಕೊಳ್ಳಿ" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಅಲ್ಲಿಗೆ ಬಿಟ್ಟಿದ್ದರೂ ನಾನು ಗೆಲ್ಲುತ್ತಿದ್ದೆ. ಒಂದು ವರ್ಷ ಹೀಗೇ ಇರಲಿ, ಇವರಿಗೂ ಸ್ವಲ್ಪ ಬಿಸಿ ತಾಗಲಿ ಎಂದು ಪಕ್ಕದವರು ಪಿಸುಗುಟ್ಟಿದರು. ಸುಳ್ಳೇಕೆ, ನನಗೂ ಆಸೆಯಾಯಿತು. ಆದರೆ ಗಂಡಸರ ಸಾಲಿನಲ್ಲಿ ಯಾರದೋ ಮಗುವನ್ನು ಎತ್ತಿಕೊಂಡು ಕೂತಿದ್ದ ನನ್ನ ಗಂಡ, ಕರೆಯದ ಹೆಸರಿಗಾಗಿ ಕಿವಿಗೊಟ್ಟವರ ಹಾಗೆ ಪಟ್ಟಿ ಓದುವವರನ್ನೇ ನೋಡುತ್ತಿದ್ದರು. ಅದೇ ಮುಖ ಹೊತ್ತು ನಾನು ಅಷ್ಟು ವರ್ಷ ಕೂತಿದ್ದೆ. ಅಕ್ಕನ ಅಜ್ಜಿ ನಿಂತಿದ್ದ ಮೇಜಿನ ಈಚೆಯಿಂದ ಆಚೆಗೆ ಹೋಗಿ ಗುಮಾಸ್ತನ ಕುರ್ಚಿಯಲ್ಲಿ ಕೂರಲು ನಾನು ಬಂದಿರಲಿಲ್ಲ. ಎದ್ದು ನಿಂತು ಹೇಳಿದೆ: ಇನ್ನು ಮುಂದೆ ಕಾರ್ಡಿಗೊಂದು ಓಟು ಬೇಡ, ತಲೆಗೊಂದು ಓಟು ಇರಲಿ, ಗಂಡ ಹೆಂಡತಿ ಇಬ್ಬರಿಗೂ, ಇವತ್ತಿನಿಂದಲೇ. ಕಾರ್ಡುದಾರ ಹೆಂಗಸರ ಕೈಗಳೆಲ್ಲ ಮೇಲೆದ್ದವು. ಅಧ್ಯಕ್ಷರ ಹೆಂಡತಿಯ ಕೈ ಎಲ್ಲರದಕ್ಕಿಂತ ಎತ್ತರದಲ್ಲಿತ್ತು.

ಆಮೇಲೆ ಚೀಟಿ ಹಂಚಿ ಕಾರ್ಯದರ್ಶಿಯ ಚುನಾವಣೆ ನಡೆಯಿತು, ಹಳೆಯ ಕಾರ್ಯದರ್ಶಿಗೂ ನನಗೂ. ಗಂಡಸರು, ಹೆಂಗಸರು ಒಂದೇ ಸಾಲಿನಲ್ಲಿ ನಿಂತು ಹಾಕಿದರು. ನಾನು ಗೆದ್ದೆ. ಸಣ್ಣ ಅಂತರದಿಂದಲ್ಲ, ಬೇಕಾದಷ್ಟು ಅಂತರದಿಂದ. ಅಧ್ಯಕ್ಷರು ಮೈಕು ಹಿಡಿದು, ಇಂಥವರ ಮಿಸೆಸ್ ಎಂದು ಶುರು ಮಾಡಿದವರು ತಡೆದು, ನನ್ನ ಹೆಸರನ್ನು ಹೇಳಿದರು. ಅಕ್ಕನಿಗೆ ಮೆಸೇಜು ಹಾಕಿದೆ. ಅವರಿಂದ ಪದವಿಲ್ಲದೆ ಬರೀ ಚಪ್ಪಾಳೆಗಳು ಬಂದವು, ಎರಡು ಸಾಲು.

ಮನೆಗೆ ಹೋಗುವಾಗ ಕಾರು ನಾನೇ ಓಡಿಸುತ್ತಿದ್ದೆ. ಗಂಡ ಸೀಟನ್ನು ಹಿಂದಕ್ಕೆ ಸರಿಸಿಕೊಂಡರು. ಆಮೇಲೆ, "ಒಂದು ಹೇಳ್ತೇನೆ, ಮಂಡೆ ಬಿಸಿ ಮಾಡ್ಬೇಡ. ನಾನು ನಿನಗೆ ಓಟು ಹಾಕ್ಲಿಲ್ಲ" ಎಂದರು.

"ಯಾಕೆ?"

"ಆ ಮನುಷ್ಯನಿಗೆ ಒಂದಾದರೂ ಬೀಳಲಿ ಅಂತ. ಪಾಪ, ಅವನ ಹೆಂಡತಿಯೂ ಹಾಕಿರ್ಲಿಕ್ಕಿಲ್ಲ."

ನನ್ನ ಸ್ವಭಾವಕ್ಕೆ ಅಲ್ಲಿಯೇ ಕಾರು ನಿಲ್ಲಿಸಿ ಇಳಿಸಿಬಿಡಬೇಕಿತ್ತು. ಬದಲಿಗೆ ನಗು ಬಂತು, ತಿರುಗಬೇಕಾದ ರಸ್ತೆ ತಪ್ಪಿಹೋಗುವಷ್ಟು ನಗು. ಹದಿನಾಲ್ಕು ವರ್ಷ ಅವರ ಹೆಸರಿನಲ್ಲಿ ಬದುಕಿದವಳು ಆ ದಿನ ಅವರ ಓಟೂ ಇಲ್ಲದೆ ಗೆದ್ದಿದ್ದೆ.