ಸಾರ್ ಪೂರ್ತಿ ಓದಿದ ಪ್ರಬಂಧ

ಇವತ್ತು ಕೊಯಮತ್ತೂರಿನ ಉಕ್ಕಡಂ ಬಸ್ಸಿನಲ್ಲಿ ಪಕ್ಕದವರು ನಶ್ಯ ಏರಿಸಿದರು. ಆ ಘಾಟಿಗೆ ಅನ್ನೂರಿನ ಶಾಲೆಯ ನಮ್ಮ ಇಂಗ್ಲಿಷ್ ಸಾರ್ ಎದುರು ಬಂದು ನಿಂತಂತಾಯಿತು.

'ಅಮ್ಮ ದಿನಾ ನನಗೆ ಅಡುಗೆ ಮಾಡುತ್ತಾಳೆ' ಎಂದು ಇಂಗ್ಲಿಷಿನಲ್ಲಿ ಬರೆಯಲು ಹೋಗಿ, 'ನನ್ನನ್ನೇ ಬೇಯಿಸುತ್ತಾಳೆ' ಎಂಬರ್ಥ ಬರುವಂತೆ ಬರೆದಿದ್ದೆ. ಸಾರ್ ಅದನ್ನು ತರಗತಿಗೆಲ್ಲ ಓದಿ ನಗಿಸಿದರು. ಆಮೇಲೆ ಅಮ್ಮ ಊಟದ ಡಬ್ಬಿ ತಂದಾಗಲೆಲ್ಲ ಹುಡುಗಿಯರು ಅವಳ ಮುಖ ನೋಡಿ ನಗುತ್ತಿದ್ದರು. ಕಾರಣ ತಿಳಿಯದ ಅಮ್ಮನೂ ನಗುತ್ತಿದ್ದಳು. ಅದನ್ನು ನನಗೆ ಕ್ಷಮಿಸಲಾಗಲಿಲ್ಲ.

ರಜೆಯಲ್ಲಿ, ಕೊಯಮತ್ತೂರಿನಲ್ಲಿ ಕಾಲೇಜು ಓದುತ್ತಿದ್ದ ಅತ್ತೆಯ ಮಗಳು ಸರೋಜಕ್ಕನ ಹತ್ತಿರ ಇಂಗ್ಲಿಷ್ ಕಲಿಯಲು ಕೂತೆ. ಸಾರ್ ಅವರನ್ನು ಬೈದು ಬರೆದದ್ದನ್ನೆಲ್ಲ ಅವಳು ಹೊಡೆದುಹಾಕಿದಳು.

"ಬೈಬೇಡ ಕಣ್ಣು. ನೀ ಕಂಡದ್ದ ಮಾತ್ರ ಬರಿ."

ಶಾಲೆ ತೆರೆದಾಗ 'ನಾನು ಬಲ್ಲ ಹಿರಿಯರು' ಎಂಬ ಪ್ರಬಂಧ ಕೊಟ್ಟರು. ಸಾರ್ ತಪ್ಪು ಹುಡುಕುತ್ತ ನನ್ನದನ್ನು ಗಟ್ಟಿಯಾಗಿ ಓದತೊಡಗಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ನಶ್ಯದ ಬೆರಳನ್ನು ಉಟ್ಟ ವೇಷ್ಟಿಯ ಒಳಮಗ್ಗುಲಿಗೆ ಒರೆಸುವ, ಶಾಲಾ ಇನ್‌ಸ್ಪೆಕ್ಟರ್ ಇಂಗ್ಲಿಷಿನಲ್ಲಿ ಮಾತಾಡಿಸಿದ ದಿನ ಗಂಟಲು ನೋವೆಂದ ಒಬ್ಬ ಹಿರಿಯರಿದ್ದರು. ತಪ್ಪು ಸಿಗದೆ ಸಾರ್ ಓದುತ್ತಲೇ ಹೋದರು. ಹಿಂದಿನ ಬೆಂಚಿನಲ್ಲಿ ನಗು ಶುರುವಾಗಿ ತರಗತಿಯೆಲ್ಲ ಹರಡಿತು. ಆಗ ಅವರಿಗೆ ಅರ್ಥವಾಯಿತು.

"ಯಾರು ಎಳುದಿ ಕುಡುತ್ತಾಂಗ?" ಯಾರು ಬರೆದುಕೊಟ್ಟರೆಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

"ನಾನೇ ಸಾರ್."

ಅವರು ಮತ್ತೆಂದೂ ಯಾರ ಪ್ರಬಂಧವನ್ನೂ ಗಟ್ಟಿಯಾಗಿ ಓದಲಿಲ್ಲ.

ಸುದ್ದಿ ಮನೆಗೂ ಮುಟ್ಟಿತು. "ವಾದ್ಯಾರ ಮನಸ್ಸ ನೋಯಿಸಬಹುದಾ?" ಎಂದು ಅಮ್ಮ ಗದರಿದಳು. ಯಾರಿಗಾಗಿ ಹಾಗೆ ಮಾಡಿದೆನೆಂದು ನಾನು ಹೇಳಲಿಲ್ಲ.

ಈಗ ನನಗೆ ಆಗಿನ ಸಾರ್ ಅವರಷ್ಟೇ ವಯಸ್ಸು. ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ. ಇಲ್ಲ, ಇವತ್ತೂ ಅನ್ನಿಸಲಿಲ್ಲ.