ಹಾರನ್ ನಿಂತ ಒಂದು ನಿಮಿಷ

ಓಬಳಮ್ಮ ಮಾತಾಡುವಾಗ ತಲೆಯನ್ನು ಸ್ವಲ್ಪ ಓರೆ ಮಾಡುತ್ತಿದ್ದಳು, ದೂರದ ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ. ಕಲ್ಲು ಒಡೆಯುವವರ ಮನೆಯ ಮಗಳು. ಸಿಡಿಮದ್ದಿನ ಸದ್ದಿಗೆ ಅಪ್ಪನ ಕಿವಿ ಹೋದಮೇಲೆ ಅವನು ಬಂಡೆಯನ್ನು ಸುತ್ತಿಗೆಯಿಂದ ತಟ್ಟುತ್ತಿದ್ದ, ಹತ್ತು ವರ್ಷದ ಓಬಳಮ್ಮ ಪಕ್ಕದಲ್ಲಿ ಕೂತು ಅದು ಹೇಗೆ ಸದ್ದು ಮಾಡಿತೆಂದು ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಕಸುಬು ಬಂದದ್ದು ಹಾಗೆ. ನಲವತ್ತರ ಹೊತ್ತಿಗೆ ಹನ್ನೆರಡು ಜನರ ಗುಂಪಿಗೆ ಅವಳೇ ಮೇಸ್ತ್ರಿ.

1978ರ ಬೇಸಿಗೆಯಲ್ಲಿ ಮಧುಗಿರಿಯ ಕೂಡುರಸ್ತೆಯನ್ನು ಅಗಲ ಮಾಡಲು ಹೊರಟರು. ಶಿರಾ, ಪಾವಗಡ, ಕೊರಟಗೆರೆ, ಮೂರೂ ಕಡೆಯ ಬಸ್ಸುಗಳು ಅಲ್ಲೇ ತಿರುಗಬೇಕು. ಮಣ್ಣು ಅಗೆದರೆ ನಡುವೆ ಮೊಣಕಾಲೆತ್ತರದ ಹಾಸುಬಂಡೆ. ಬೆಟ್ಟ ಅಲ್ಲಿಯವರೆಗೂ ಕಾಲು ಚಾಚಿತ್ತು. ಬಂಡೆ ತೆಗೆಯುವ ತನಕ ಬಸ್ಸುಗಳನ್ನು ಹೆಣ್ಣುಮಕ್ಕಳ ಹೈಸ್ಕೂಲಿನ ಪಕ್ಕದ ಓಣಿಗೆ ತಿರುಗಿಸಿದರು. ಓಣಿಯ ಮೂಲೆಯಲ್ಲಿ ಎದುರಿನದು ಕಾಣದು. ಪ್ರತಿ ಬಸ್ಸೂ ಹಾರನ್ ಒತ್ತಿಕೊಂಡೇ ಬರಬೇಕು. ಸೋಮವಾರದಿಂದ ಹತ್ತನೆಯ ತರಗತಿಯ ಪರೀಕ್ಷೆ.

"ಮದ್ದಿಟ್ಟರೆ ಒಂದೇ ದಿನದ ಕೆಲಸ" ಎಂದರು ಇಂಜಿನಿಯರ್ ಜಯರಾಮಯ್ಯ.

"ನಮ್ಮ ಹೆಂಚೆಲ್ಲ ಉದುರಿದರೆ ಮಕ್ಕಳು ಬಿಸಿಲಲ್ಲಿ ಕೂತು ಬರೀಬೇಕೇನ್ರೀ?" ಎಂದರು ಮುಖ್ಯೋಪಾಧ್ಯಾಯಿನಿ ಈಶ್ವರಮ್ಮ.

ರಸ್ತೆ ಕೆಲಸಕ್ಕೆ ಗುಂಪಿನೊಂದಿಗೆ ಬಂದಿದ್ದ ಓಬಳಮ್ಮ ನಡುವೆ ಬಾಯಿ ಹಾಕಿದಳು. "ಬೆಂಕೀಲಿ ಎಬ್ಬುಸ್ಕೊಡ್ತೀನಿ ಸ್ವಾಮಿ. ಭಾನುವಾರದ ತಂಕ ಟೈಮ್ ಕೊಡಿ."

"ಆಗದಿದ್ದರೆ?"

"ಮದ್ದಿನೋರ್ನೇ ಕರ್ಕಳಿ. ನಾವು ಸುತ್ತಿಗೆ ಎತ್ಕಂಡು ಹೊಂಟೋಯ್ತೀವಿ."

ಅಂದು ಗುರುವಾರ. ಬಂಡೆಯ ಒಂದು ಅಂಚಿನಲ್ಲಿ ಜಾಲಿ ಸೌದೆಯ ಸಣ್ಣ ಬೆಂಕಿ ಹಾಕಿದರು. ಹೀಗೆ ಕಾಯಿಸಿದರೆ ಮೇಲಿನ ಪದರ ಸದ್ದಿಲ್ಲದೆ ಕೆಳಗಿನಿಂದ ಬಿಡುತ್ತದೆ. ಬಿಟ್ಟಿತೋ ಇಲ್ಲವೋ ಎಂದು ತಟ್ಟಿ ನೋಡಿ ಬೆಂಕಿಯನ್ನು ಮುಂದಕ್ಕೆ ಸರಿಸಬೇಕು. ಬಿಡದ ಕಡೆ ಬಂಡೆ ಕಂಚಿನಂತೆ ಠಣ್ಣೆನ್ನುತ್ತದೆ. ಬಿಟ್ಟ ಕಡೆ ಖಾಲಿ ಗುಡಾಣದಂತೆ ಡೊಬ್ಬೆನ್ನುತ್ತದೆ. ಇಷ್ಟೇ ವಿದ್ಯೆ, ಆದರೆ ಕಿವಿ ಬೇಕು.

ಶುಕ್ರವಾರ ಅವಳು ತಟ್ಟುವಾಗ ಓಣಿಯಲ್ಲಿ ಮೂರು ಬಸ್ಸು ಎದುರುಬದುರಾಗಿ ಕೂಗಿಕೊಳ್ಳುತ್ತಿದ್ದವು. ಡೊಬ್ಬೆಂದಿತು ಎಂದುಕೊಂಡಳು. ಬೆಂಕಿ ಸರಿಸಿದಳು. ಸಂಜೆ ಹಾರೆ ಹಾಕಿ ಮೀಟಿದರೆ ಚಪ್ಪಡಿ ನಡುವಿಗೇ ಮುರಿಯಿತು. ಅರ್ಧ ಎದ್ದು ಬಂತು, ಅರ್ಧ ಕೂತಲ್ಲೇ ಕೂತಿತು. ಎರಡು ದಿನದ ಕೆಲಸ ಹಾಳು.

ಗುಂಪಿನವರು ಹಾರೆ ಕೆಳಗಿಟ್ಟರು. ಓಬಳಮ್ಮನೇ ಅಂದಳು: "ತಪ್ಪು ನಂದು ಕಣ್ರಮ್ಮ. ಕೇಳಿಸ್ಲಿಲ್ಲ. ಕೇಳಿಸ್ತು ಅಂದ್ಕಂಬುಟ್ಟೆ."

ಮರುದಿನ ಬೆಳಿಗ್ಗೆ ಅವಳು ಬಂಡೆಯ ಹತ್ತಿರ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋದಳು. ಶಿರಾ ಬಸ್ಸಿನ ಡ್ರೈವರ್ ಅಬ್ದುಲ್ ರಶೀದ್ ಚಹಾ ಕುಡಿಯುತ್ತಿದ್ದ. ಅವನು ಒಪ್ಪಿದರೆ ಉಳಿದ ಡ್ರೈವರುಗಳೂ ಒಪ್ಪುತ್ತಾರೆಂದು ಎಲ್ಲರಿಗೂ ಗೊತ್ತು.

"ನಮ್ ಗುಂಪಿನ ಗೌರಕ್ಕ ಓಣಿ ಬಾಯಲ್ಲಿ ಕೆಂಪು ಬಟ್ಟೆ ಎತ್ತುದ್ರೆ ಬಸ್ಸು ನಿಲ್ಸಿ, ಇಂಜಿನ್ ಆರ್ಸಬೇಕು. ಹಾರನ್ನೂ ಒತ್ತಂಗಿಲ್ಲ. ಒಂದೇ ನಿಮಿಷ."

"ಅರೆ! ಡ್ರೈವರಿಗೆ ಹಾರನ್ ಒತ್ಬೇಡ ಅಂದ್ರೆ, ಹುಂಜಕ್ಕೆ ಕೂಗ್ಬೇಡ ಅಂದಂಗೆ ಆಯ್ತಲ್ಲಮ್ಮ!"

ಸುತ್ತಲಿದ್ದವರು ನಕ್ಕರು.

"ಒಂದು ನಿಮಿಷ ನಿಂತ್ರೆ ನಿನ್ ಬಸ್ಸೇನು ಮೊಟ್ಟೆ ಇಕ್ತದಾ?"

ಈಗ ಇನ್ನೂ ಜೋರಾಗಿ ನಕ್ಕರು. ರಶೀದ್ ಲೋಟ ಕೆಳಗಿಟ್ಟ. "ಬಂಡೆ ನಿನ್ ಹತ್ರ ಮಾತಾಡ್ತದಾ?"

"ಬಾರಪ್ಪ, ನೀನೇ ಕೇಳು."

ಬಂದ. ಅವಳು ಒಂದು ಕಡೆ ತಟ್ಟಿದಳು. "ಇದು ಕೂತೈತೆ." ಒಂದು ಮೊಳ ಆಚೆ ತಟ್ಟಿದಳು. "ಇದು ಎದ್ದೈತೆ." ರಶೀದ್ ಸುತ್ತಿಗೆ ಇಸಿದುಕೊಂಡು ತಾನೂ ತಟ್ಟಿದ. ಮತ್ತೆ ತಟ್ಟಿದ. "ಯಾ ಅಲ್ಲಾ" ಎಂದು ತಲೆಯಾಡಿಸಿ ಸ್ಟ್ಯಾಂಡಿಗೆ ಹಿಂದಿರುಗಿದ.

ಅಂದಿನಿಂದ ಕೆಂಪು ಬಟ್ಟೆ ಎದ್ದಾಗಲೆಲ್ಲ ಕೂಡುರಸ್ತೆ ಉಸಿರು ಹಿಡಿಯುತ್ತಿತ್ತು. ಬಸ್ಸುಗಳ ಇಂಜಿನ್ನುಗಳು ಆರುತ್ತಿದ್ದವು. ಒಳಗೆ ಕೂತ ಕುರಿಗಾಹಿಯೊಬ್ಬ ತನ್ನ ಮರಿಯ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದನ್ನೂ ಜನ ನೋಡಿದರು. ಆ ನಿಶ್ಶಬ್ದದಲ್ಲಿ ಸಣ್ಣ ಸುತ್ತಿಗೆ ಬಂಡೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿತ್ತು. ಓಬಳಮ್ಮ ಅವಸರ ಮಾಡಲಿಲ್ಲ. ಅನುಮಾನ ಬಂದರೆ ಬೆಂಕಿಯನ್ನು ಇದ್ದಲ್ಲೇ ಬಿಟ್ಟು ಇನ್ನೊಂದು ಸಲ ಬಟ್ಟೆ ಎತ್ತಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಆರು ಹಾರೆಗಳು ಒಟ್ಟಿಗೆ ಇಳಿದವು. ಉಳಿದ ಬಂಡೆ ಒಂದೇ ಚಪ್ಪಡಿಯಾಗಿ, ದೊಡ್ಡ ರೊಟ್ಟಿ ಹಂಚು ಬಿಟ್ಟ ಹಾಗೆ, ಮೇಲೆದ್ದಿತು. ಉರುಳುಮರದ ಮೇಲೆ ಅದನ್ನು ರಸ್ತೆಯಂಚಿಗೆ ತಳ್ಳಿ, ಸಂಜೆಯೊಳಗೆ ಹಳ್ಳಕ್ಕೆ ಜಲ್ಲಿ ತುಂಬಿದರು. ಜಯರಾಮಯ್ಯನವರು ಜಲ್ಲಿಯ ಮೇಲೆ ಎರಡು ಸಲ ನಡೆದು ನೋಡಿ, "ಬಸ್ಸು ಬಿಡಿ" ಎಂದರು.

ಸೋಮವಾರ ಹತ್ತಕ್ಕೆ ಶಾಲೆಯ ಗಂಟೆ ಬಡಿದಾಗ ಓಣಿ ಖಾಲಿಯಿತ್ತು. ಚಪ್ಪಡಿ ಸೀಳುವ ಕೆಲಸ ಬಾಕಿಯಿತ್ತಾದರೂ ಓಬಳಮ್ಮ ಸುತ್ತಿಗೆಗಳನ್ನು ಗೋಣಿಚೀಲದ ಕೆಳಗೆ ಇಡಿಸಿದ್ದಳು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಶಿರಾ ಬಸ್ಸು ಹೊಸ ಜಲ್ಲಿಯ ಮೇಲೆ ಬಂತು. ರಶೀದನ ಕೈ ಹಾರನ್ನಿನ ಕಡೆ ಹೋಗಿ ಅವಳನ್ನು ಕಂಡು ಹಿಂದಕ್ಕೆ ಬಂತು. ಕೆಂಪು ಬಟ್ಟೆ ಎಲ್ಲೂ ಇರಲಿಲ್ಲ.

ಒಂದು ಗಂಟೆಗೆ ಮತ್ತೆ ಗಂಟೆ ಬಡಿಯಿತು. ಶಾಯಿ ಬೆರಳಿನ ಹುಡುಗಿಯರು ಗೇಟಿನಿಂದ ಹೊರಬಂದರು.

"ಹೂಂ, ಈಗ ಹೊಡೀರಿ" ಎಂದಳು ಓಬಳಮ್ಮ.

ಸುತ್ತಿಗೆಗಳೆಲ್ಲ ಒಮ್ಮೆಗೇ ಎದ್ದವು. ಸ್ಟ್ಯಾಂಡಿನ ಕಡೆಯಿಂದ ಯಾರೋ, ಯಾವ ಕಾರಣವೂ ಇಲ್ಲದೆ, ಉದ್ದಕ್ಕೆ ಒಂದು ಹಾರನ್ ಒತ್ತಿದರು.