ಮೂರೂವರೆ ಟನ್ನಿನ ಮನೆ

ನನ್ನ ಸೋದರಮಾವ ಮನೆ ಮಾರಿದ್ದಾರೆ ಅಂತ ನನಗೆ ಗೊತ್ತಾದದ್ದು ಅವರು ಚಮಚ ತೂಗುತ್ತ ಕೂತಿದ್ದಾಗ.

ಅದೊಂದು ಭಾನುವಾರ. ಮಗಳನ್ನು ತೂಗಿಸೋಣ ಅಂತ ಅವರ ಮನೆಗೆ ಹೋಗಿದ್ದೆ. ಹತ್ತು ತಿಂಗಳ ಮಗು. ಹಾಲು ಕುಡಿಯದಿದ್ದರೆ ಒಂದು ಭಯ, ಜಾಸ್ತಿ ಕುಡಿದರೆ ಇನ್ನೊಂದು ಭಯ. ವಾರಕ್ಕೊಮ್ಮೆ ಅವಳ ತೂಕ ಕಣ್ಣಾರೆ ಕಾಣದಿದ್ದರೆ ನನಗೆ ಸಮಾಧಾನವಿಲ್ಲ. "ತಿಂಗಳಿಗೊಂದು ಸಲ ಸಾಕಮ್ಮ" ಅಂತ ಡಾಕ್ಟರು ಎರಡು ಬಾರಿ ಹೇಳಿದ್ದರು. ಮೂರನೇ ಬಾರಿ ಹೇಳಿಸಿಕೊಳ್ಳಲು ನಾಚಿಕೆಯಾಗಿ ಮಾವನ ತಕ್ಕಡಿಗೆ ಹೋಗುತ್ತಿದ್ದೆ. ಅವರು ಟವೆಲ್ ಹಾಸಿ, ಗುಂಡಿ ಒತ್ತಿ ತಕ್ಕಡಿಯನ್ನು ಸೊನ್ನೆಗೆ ತಂದು, ಆಮೇಲೆ ಮಗುವನ್ನು ಮಲಗಿಸಿ, "ಇದು ಬರೀ ನಿನ್ನ ಮಗಳು. ಟವೆಲ್ ಸೇರಿಲ್ಲ" ಅನ್ನುತ್ತಿದ್ದರು.

ಆ ದಿನ ನಡುಮನೆಯಲ್ಲಿ ಎರಡು ತಕ್ಕಡಿಗಳಿದ್ದವು. ಒಂದು ಮೂಟೆ ತೂಗುವ ದೊಡ್ಡದು, ಇನ್ನೊಂದು ಚಿನ್ನದಂಗಡಿಯಲ್ಲಿರುವಂಥ ಪುಟ್ಟದು. ಸುತ್ತ ಪಾತ್ರೆ, ಚಪ್ಪಲಿ, ಛತ್ರಿ, ದಿಂಬು. ಮಾವ ಚಮಚ ಇಟ್ಟರು, "ಮೂವತ್ತೆಂಟು" ಅಂದರು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಏನು ಮಾವ ಇದು?"

"ಗಾಡಿಗೆ."

"ಯಾವ ಗಾಡಿಗೆ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹೇಳ್ರೀ, ಹೇಳಿ. ಮನೆ ಮಾರಿದ ಸಮಾಚಾರಾನ ಚಮಚದಿಂದ ಶುರು ಮಾಡೋ ಗಂಡಸು ಇಡೀ ಲೋಕದಲ್ಲಿ ನೀವೊಬ್ಬರೇ."

ಮಗುವನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ಮಾವ ತಕ್ಕಡಿ ರಿಪೇರಿಯವರು. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ. ಸ್ಕೂಟರಿನ ಹಿಂದೆ ತೂಕದ ಬಟ್ಟುಗಳ ಪೆಟ್ಟಿಗೆ ಕಟ್ಟಿಕೊಂಡು ತರಕಾರಿ ಮಂಡಿ, ಔಷಧಿ ಅಂಗಡಿ, ಆಸ್ಪತ್ರೆ, ಅಂಚೆ ಕಚೇರಿ ಅಂತ ದಿನಕ್ಕೆ ಹತ್ತು ಕಡೆ ಸುತ್ತುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಅಂತ ನಮ್ಮಜ್ಜಿ ಅನ್ನುತ್ತಿದ್ದರು. ಮದುವೆ ಮನೆಯಲ್ಲೂ ಅವರು ಊಟಕ್ಕೆ ಕೂತು ಎದ್ದದ್ದನ್ನು ಯಾರೂ ಕಂಡವರಿಲ್ಲ. ಕೂತಿದ್ದರು ಅನ್ನುವುದಕ್ಕೆ ಎಲೆಯೊಂದೇ ಸಾಕ್ಷಿ. ಆಮೇಲೆ ಕಾಲ ಬದಲಾಯಿತು. ಕೆಟ್ಟ ತಕ್ಕಡಿಯನ್ನು ರಿಪೇರಿ ಮಾಡಿಸುವವರು ಕಡಿಮೆಯಾಗಿ, ಎಸೆದು ಹೊಸದು ತರುವವರು ಹೆಚ್ಚಾದರು. ಕಂಪನಿಯವರು ಮಾವನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿ, ಹೊಸ ತಕ್ಕಡಿಗಳಿಗೆ 'ಪರೀಕ್ಷಿಸಿದೆ' ಅನ್ನುವ ಸ್ಟಿಕ್ಕರ್ ಅಂಟಿಸುವ ಕೆಲಸ ಕೊಟ್ಟರು. ವರ್ಷಕ್ಕೊಂದೆರಡು ಸಲ ಲಾರಿ ತೂಗುವ ವೇಬ್ರಿಡ್ಜಿಗೆ ಕಳಿಸಿದರೆ ಅದೇ ಅವರ ಹಬ್ಬ. ಒಂದು ವರ್ಷದೊಳಗೆ ಅವರ ಕುರ್ಚಿಯ ಎರಡು ಗಾಲಿ ಕಿತ್ತು ಬಂದವು. ಸ್ಟೋರಿನವನು ಮೂರನೆಯದನ್ನು ಕೊಡುವುದಿಲ್ಲ ಅಂದನಂತೆ.

ಅಷ್ಟರಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ ಸಾಮಾನು ತೂಗುವ ಕೊಕ್ಕೆ ತಕ್ಕಡಿ ಹಿಡಿದುಕೊಂಡು ಕಂಪನಿಗೆ ಬಂದರು. ಅವರಿಗೆ ಮನೆಯಿಲ್ಲ, ಗಾಡಿಯೇ ಮನೆ. ವರ್ಷವಿಡೀ ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಮಾವ ಐದು ನಿಮಿಷ ಗಾಡಿ ನೋಡಿ ಬರುತ್ತೇನೆ ಅಂತ ಹೋದವರು ಸಂಜೆ ಕೆಲಸ ಬಿಡುವ ಹೊತ್ತಿಗೆ ಬಂದರು. ಮುಂದಿನ ತಿಂಗಳು ಶಾಲೆಯೊಂದರ ಹಳೆಯ ಮಿನಿ ಬಸ್ಸು ಅವರ ಮನೆಯ ಮುಂದೆ ನಿಂತಿತ್ತು. ಅದರ ಸೀಟು ಕಿತ್ತು, ಪ್ಲೈವುಡ್ ತಂದು, ನಾಲ್ಕು ತಿಂಗಳು ರಜಾ ದಿನಗಳಲ್ಲಿ ಕೂತು ನಾಲ್ಕು ಕಪಾಟು, ಒಂದು ಪೆಟ್ಟಿಗೆ ಮಂಚ ಮಾಡಿದರು. ಇಷ್ಟೂ ದಿನ ನಾನು ಅದನ್ನು ಮಾವನ ಹವ್ಯಾಸ ಅಂದುಕೊಂಡಿದ್ದೆ. ಮನೆ ಮಾರುತ್ತಾರೆ ಅಂತ ಯಾರಿಗೆ ಗೊತ್ತು?

ಅತ್ತೆ ಸೋಫಾ ಕವರ್, ಪರದೆ ಹೊಲಿಯುವವರು. ಪೀಠೋಪಕರಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷ ಮೆಷಿನ್ ತುಳಿದಿದ್ದಾರೆ. ಮಾವ ವಿಷಯ ಹೇಳಿದಾಗ ಮೂರು ವಾರ ಮಾತು ಬಿಟ್ಟಿದ್ದರಂತೆ. ನಾಲ್ಕನೇ ವಾರ ಬಾಯಿ ಬಿಟ್ಟು ಎರಡು ಷರತ್ತು ಹಾಕಿದರು. ಗಾಡಿಯಲ್ಲಿ ಅರ್ಧ ತೂಕ ತನ್ನದು. ಹೊಲಿಗೆ ಮೆಷಿನ್, ಬಟ್ಟೆ ಸುರುಳಿಗಳು ಬಂದೇ ಬರುತ್ತವೆ. ಎರಡನೆಯದನ್ನು ನನ್ನ ಮುಂದೆಯೇ ಹೇಳಿದರು: "ಶನಿವಾರ ಬೆಳಿಗ್ಗೆ ಮನೆ ಕೀಲಿ ಕೊಡಬೇಕು. ಶುಕ್ರವಾರ ಸಂಜೆಯೊಳಗೆ ಗಾಡಿ ಪಾಸಾದ್ರೆ ಸರಿ. ಇಲ್ಲ ಅಂದ್ರೆ ನಾನು ನಮ್ಮಕ್ಕನ ಮನೇಲಿ, ನೀವು ನಿಮ್ಮ ಡಬ್ಬಾದಲ್ಲಿ. ಆಮೇಲೆ ಈ ಮಾತು ಎತ್ತಬಾರದು. ಅಂಗಡಿಯವರು ನನ್ನ ಕೋಣೆ ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ."

ಪಾಸಾಗುವುದು ಅಂದರೆ ಇಷ್ಟೇ. ಮಾವನ ಲೈಸೆನ್ಸಿಗೂ ಆ ಗಾಡಿಗೂ ಮೂರೂವರೆ ಟನ್ ಮಿತಿ. ಖಾಲಿ ಗಾಡಿ, ಸಾಮಾನು, ನೀರು, ಇಬ್ಬರು ಮನುಷ್ಯರು ಎಲ್ಲ ಸೇರಿ ಅದರೊಳಗೆ ಬರಬೇಕು. ವೇಬ್ರಿಡ್ಜಿನ ಚೀಟಿ ತೋರಿಸಿದರೆ ವಾಹನ ಕಚೇರಿಯವರು ಅದನ್ನು ವಾಸದ ಗಾಡಿ ಅಂತ ನೋಂದಾಯಿಸುತ್ತಾರೆ.

"ಬೇರೆ ಯಾರಾದ್ರೂ ಆಗಿದ್ರೆ ಕಷ್ಟ ಕಣೇ," ಅಂದರು ಮಾವ ನನಗೆ. "ತೂಕದ ವಿಷಯದಲ್ಲಿ ನನಗೆ ಪಾಠ ಹೇಳ್ತಾರಾ?"

ಆ ವಾರವಿಡೀ ದಿನಕ್ಕೆ ಎರಡು ಸಲ ಫೋನ್ ಮಾಡಿದೆ. ಗ್ಯಾಸ್ ಸೋರಿದರೆ? ರಸ್ತೆ ಬದಿ ಯಾರಾದರೂ ಬಾಗಿಲು ಬಡಿದರೆ? ನಿಮ್ಮ ರಕ್ತದೊತ್ತಡದ ಮಾತ್ರೆ? ಜ್ವರ ಬಂದರೆ ಯಾವ ಆಸ್ಪತ್ರೆ? "ಜ್ವರ ಬಂದರೆ ಆಸ್ಪತ್ರೆ ಮುಂದೆಯೇ ಮನೆ ನಿಲ್ಲಿಸ್ತೀನಿ, ನಿನಗಿರೋ ಭಾಗ್ಯವಾ ಅದು?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆ ಫೋನ್ ಮಾಡಿ, "ನೀನೂ ನಿನ್ನ ಕಾರು ತಗೊಂಡು ಬಾ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಅವರ ಮನೆ ಮುಂದೆ ಕಾರು ನಿಲ್ಲಿಸಿದಾಗ ಮಾವ ಗಾಡಿಯೊಳಗಿದ್ದರು. ಅತ್ತೆ ಸದ್ದಿಲ್ಲದೆ ಬಂದು ಒಂದು ನೀಲಿ ಚೀಲವನ್ನು ನನ್ನ ಡಿಕ್ಕಿಯಲ್ಲಿಟ್ಟರು. ನನಗೆ ಅರ್ಥವಾಯಿತು. ಇದು ಅಕ್ಕನ ಮನೆಗೆ ಹೋಗುವ ಚೀಲ.

ಹೆದ್ದಾರಿ ಪಕ್ಕದ ವೇಬ್ರಿಡ್ಜಿಗೆ ಹತ್ತು ಗಂಟೆಗೆ ಹೋದೆವು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಗುಮಾಸ್ತ, ಮುಂದೆ ಎರಡು ಜಲ್ಲಿ ಲಾರಿ. ಮಾವ ನೋಟ್‌ಬುಕ್ ತೆಗೆದು, ಕೊನೆಯ ಪುಟದ ಒಟ್ಟು ಮೊತ್ತ ನನಗೆ ತೋರಿಸಿದರು: ಮೂರು ಸಾವಿರದ ಮುನ್ನೂರ ಇಪ್ಪತ್ತಾರು ಕಿಲೋ. "ನೂರ ಎಪ್ಪತ್ನಾಲ್ಕು ಕಿಲೋ ಉಳಿತಾಯ. ಬೇಕಿದ್ರೆ ನಿನ್ನನ್ನೂ ಮಗೂನೂ ಕರಕೊಂಡು ಹೋಗಬಹುದು." ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಗಾಡಿಯನ್ನು ಕಬ್ಬಿಣದ ಹಾಸಿನ ಮೇಲೆ ಹತ್ತಿಸಿದರು.

ಗುಮಾಸ್ತ ಓದಿದ: "ಮೂರು ಸಾವಿರದ ಆರುನೂರ ಎಪ್ಪತ್ತೆರಡು."

"ಇನ್ನೊಂದು ಸಲ ನೋಡ್ರೀ."

"ನೋಡಿದೆ ಸಾರ್. ಅಷ್ಟೇ."

ಮಾವ ಕೆಳಗಿಳಿದರು. ಮುಖ ಕೆಂಪಾಗಿತ್ತು. "ನಿಮ್ಮ ಮೆಷಿನ್ ಕೆಟ್ಟಿದೆ. ಹಿಂದಿನ ಲಾರಿಯ ಮಣ್ಣು ಕೂತಿರಬೇಕು."

"ಕೆಟ್ಟಿದೆಯಾ?" ಗುಮಾಸ್ತ ಪೆನ್ಸಿಲ್ ತೆಗೆದು ಕಿಟಕಿಯ ಗಾಜಿನ ಮೂಲೆ ತೋರಿಸಿದ. ಅಲ್ಲೊಂದು ಸ್ಟಿಕ್ಕರ್ ಇತ್ತು. "ಹೋದ ತಿಂಗಳು ಪರೀಕ್ಷೆ ಮಾಡಿ ಇದನ್ನ ಅಂಟಿಸಿ ಹೋದವರು ಯಾರು ಅಂತ ಸಹಿ ಓದಿ ಸಾರ್. ನಿಮ್ಮದೇ ಅಲ್ವಾ?"

ಜಲ್ಲಿ ಲಾರಿಯ ಡ್ರೈವರ್ ಬಾಯಿಬಿಟ್ಟು ನಕ್ಕುಬಿಟ್ಟ. ಮಾವ ಆದರೂ ಸೋಲಲಿಲ್ಲ. ಗಾಡಿಯಿಂದ ತಮ್ಮ ಇಪ್ಪತ್ತು ಕಿಲೋ ತೂಕದ ಬಟ್ಟು ಇಳಿಸಿ, ಹಾಸಿನ ನಾಲ್ಕು ಮೂಲೆಗೂ ಇಟ್ಟು ನೋಡಿದರು. ನಾಲ್ಕು ಮೂಲೆಯಲ್ಲೂ ಇಪ್ಪತ್ತು. ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದ ಮೇಲೆ ಗಾಡಿಯನ್ನು ಅಂಗಳದ ಬದಿಗೆ ತಂದು ನಿಲ್ಲಿಸಿ, ನೋಟ್‌ಬುಕ್ಕಿನ ಪುಟ ಮಗುಚತೊಡಗಿದರು. ಕೂಡಿದರು, ಮತ್ತೆ ಕೂಡಿದರು. ಎಲ್ಲೂ ತಪ್ಪಿಲ್ಲ.

ಅತ್ತೆ ಗಾಡಿಯಿಂದಿಳಿದು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮಗಳು ಬಿಸಿಲಿಗೆ ಅಳತೊಡಗಿದಳು. ಅವಳಿಗೆ ಟೋಪಿ ತಂದಿಲ್ಲ ಅಂತ ನನಗೆ ಆಗ ನೆನಪಾಯಿತು. ಟವೆಲ್ಲನ್ನೇ ಅವಳ ತಲೆಗೆ ಹೊದಿಸುತ್ತಿದ್ದಾಗ, 'ಟವೆಲ್ ಸೇರಿಲ್ಲ' ಅನ್ನುವ ಮಾವನ ಮಾತು ಕಿವಿಯಲ್ಲಿ ಸುಳಿಯಿತು.

"ಮಾವ, ಕಪಾಟಿನ ಸಾಮಾನು ಹೇಗೆ ತೂಗಿದ್ರಿ?"

"ಹೇಗೆ ಅಂದ್ರೆ? ದೊಡ್ಡ ತಕ್ಕಡಿ ಮೇಲೆ ಕಪಾಟು ಇಟ್ಟೆ, ಗುಂಡಿ ಒತ್ತಿದೆ, ಸೊನ್ನೆ ಬಂತು, ಒಳಗೆ ಸಾಮಾನು ತುಂಬಿದೆ, ಬರಕೊಂಡೆ. ಎಲ್ಲಾನೂ ಹಾಗೇ ತೂಗೋದು. ಡಬ್ಬಿ ಇಟ್ಟು ಸೊನ್ನೆ, ಆಮೇಲೆ ಸಕ್ಕರೆ. ಗಿರಾಕಿಗೆ ಡಬ್ಬಿ ತೂಗಿ ಕೊಡೋಕಾಗುತ್ತಾ?"

ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಸಕ್ಕರೆ ಬರೆದಿದ್ದರು, ಗಾಜಿನ ಜಾಡಿ ಬರೆದಿರಲಿಲ್ಲ. ನೀರು ಬರೆದಿದ್ದರು, ಸ್ಟೀಲ್ ಟ್ಯಾಂಕ್ ಬರೆದಿರಲಿಲ್ಲ. ಗ್ಯಾಸ್ ಇತ್ತು, ಸಿಲಿಂಡರ್ ಇರಲಿಲ್ಲ. ಹಾಸಿಗೆ ಇತ್ತು, ಮಂಚವಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಪಾತ್ರೆಯ ತೂಕ ಕಳೆದು ಕಳೆದು, ಅವರ ಕಣ್ಣಿಗೆ ಪಾತ್ರೆಯೇ ಕಾಣದಂತಾಗಿತ್ತು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ.

"ಎಷ್ಟು ಇಳಿಸಬೇಕು?" ಅತ್ತೆ ಕೇಳಿದರು.

"ನೂರ ಎಪ್ಪತ್ತೆರಡು." ಮಾವ ಅತ್ತೆಯ ಮುಖ ನೋಡಲಿಲ್ಲ. "ಇಬ್ಬರೂ ಅರ್ಧರ್ಧ ಬಿಟ್ಟರೆ... ನಿನ್ನ ಮೆಷಿನ್ನೇ ಮೂವತ್ತು ಕಿಲೋ..."

ಅತ್ತೆ ಎದ್ದು ಸೀದಾ ನನ್ನ ಕಾರಿನ ಹತ್ತಿರ ನಡೆದರು. "ಡಿಕ್ಕಿ ತೆಗಿ" ಅಂದರು. ತೆಗೆದೆ. ಮಾವ ಆ ನೀಲಿ ಚೀಲವನ್ನು ಆಗಲೇ ಮೊದಲು ಕಂಡದ್ದು. ಅವರ ಕೈಯಲ್ಲಿದ್ದ ನೋಟ್‌ಬುಕ್ ಜಾರಿ ಬಿತ್ತು, ಎತ್ತಿಕೊಳ್ಳಲೂ ಇಲ್ಲ. ಸದಾ ಅಲುಗಾಡುವ ಮನುಷ್ಯ ನೆಟ್ಟ ಕಂಬದ ಹಾಗೆ ನಿಂತುಬಿಟ್ಟರು. ಅತ್ತೆ ಚೀಲದ ಮೇಲೆ ಕೈಯಿಟ್ಟರು. ಏನು ಯೋಚಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವಾಗಿಲ್ಲ. ಆಮೇಲೆ ಜಿಪ್ ಎಳೆದು ದೊಡ್ಡ ಕತ್ತರಿ ತೆಗೆದರು.

"ಕಪಾಟು ಎಷ್ಟು ತೂಕ ಇರಬಹುದು?"

"ಏನು?"

"ನಾಲ್ಕು ಕಪಾಟು, ಆ ನಿಮ್ಮ ಮಂಚ. ತೂಗಿ ಹೇಳ್ರೀ. ಈ ಸಲ ಸೊನ್ನೆ ಒತ್ತಬೇಡಿ."

ಮಾವ ಗಾಡಿಯಲ್ಲಿದ್ದ ದೊಡ್ಡ ತಕ್ಕಡಿಯ ಮೇಲೆ ಕಪಾಟಿನೊಳಗಿನ ಒಂದು ಹಲಗೆ ಎಳೆದು ತೂಗಿ, ಉಳಿದದ್ದಕ್ಕೆ ಲೆಕ್ಕ ಹಾಕಿದರು. ನೂರ ಎಪ್ಪತ್ತೊಂಬತ್ತು.

"ಕಪಾಟು ಇಲ್ಲದೆ ಸಾಮಾನು ಎಲ್ಲಿಡ್ತೀಯ?" ಮಾವ ಗಾಡಿಯ ಬಾಗಿಲಿಗೆ ಅಡ್ಡ ನಿಂತರು. ನಾಲ್ಕು ತಿಂಗಳ ಕೆಲಸ. ಒಂದೊಂದು ಬಾಗಿಲಿನ ಅಂಚನ್ನೂ ಕೈಯಾರೆ ಉಜ್ಜಿದ್ದರು.

"ಜೇಬಿನಲ್ಲಿ," ಅಂದರು ಅತ್ತೆ. "ಸ್ಕ್ರೂಡ್ರೈವರ್ ತಗೊಳ್ಳಿ. ಮೂತಿ ಆಮೇಲೆ ಊದಿಸಬಹುದು, ನಾಲ್ಕಕ್ಕೆ ಕಚೇರಿಯ ಕೌಂಟರ್ ಮುಚ್ಚುತ್ತೆ."

ಆಮೇಲೆ ನಡೆದದ್ದನ್ನು ಅಂಗಳದಲ್ಲಿದ್ದ ಲಾರಿಯವರೆಲ್ಲ ನಿಂತು ನೋಡಿದರು. ಅತ್ತೆ ಮೆಷಿನ್ನನ್ನು ಬೇಲಿಯ ನೆರಳಿಗೆ ಇಳಿಸಿಕೊಂಡು, ಪರದೆಯ ದಪ್ಪ ಬಟ್ಟೆಯನ್ನು ನೆಲದ ಮೇಲೆಯೇ ಹರಡಿ ಕತ್ತರಿಸಿದರು. ಅಳತೆ ಪಟ್ಟಿಯಿಲ್ಲ, ಗುರುತಿಲ್ಲ. ತಟ್ಟೆಗೊಂದು ಜೇಬು, ಸೌಟಿಗೊಂದು, ಬಟ್ಟೆಗೆ ಅಗಲದ್ದು, ಮಾವನ ಮಾತ್ರೆಗೆ ಗುಂಡಿಯಿರುವ ಪುಟ್ಟದು. ನಾನು ದಾರ ಪೋಣಿಸಿದೆ, ಮಗು ಬಟ್ಟೆಯ ಚೂರು ಬಾಯಿಗಿಟ್ಟುಕೊಳ್ಳದಂತೆ ಕಾದೆ, ಗಂಟೆಗೆ ಹತ್ತು ಸಲ ಗಡಿಯಾರ ನೋಡಿದೆ. ಮಾವ ಒಂದೊಂದೇ ಸ್ಕ್ರೂ ಬಿಚ್ಚಿದರು. ಮೊದಲ ಕಪಾಟನ್ನು ಹೊರಗೆ ತಂದಾಗ ಅದರ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ನೋಡಿದರು. ಉಳಿದ ಮೂರಕ್ಕೆ ಹಾಗೆ ಮಾಡಲಿಲ್ಲ. ಗುಮಾಸ್ತ, "ಬಿಟ್ಟು ಹೋಗೋದಾದ್ರೆ ಎರಡು ನನಗಿರಲಿ ಸಾರ್" ಅಂದ. ಮಾವ ಎರಡನ್ನು ಅವನ ಕೋಣೆಯ ಕಡೆ ತಳ್ಳಿದರು.

ಮೂರು ಗಂಟೆಗೆ ಗೋಡೆಯುದ್ದಕ್ಕೂ ಜೇಬಿನ ಪರದೆ ತೂಗಾಡುತ್ತಿತ್ತು, ಹಾಸಿಗೆ ನೀರಿನ ಟ್ಯಾಂಕಿನ ಪಕ್ಕ ನೆಲದ ಮೇಲಿತ್ತು, ಆ ನೀಲಿ ಚೀಲ ಅತ್ತೆಯ ಸೀಟಿನ ಕೆಳಗೆ ಸೇರಿತ್ತು. ಇಬ್ಬರೂ ಹತ್ತಿ ಕೂತರು. ಗಾಡಿ ಹಾಸಿನ ಮೇಲೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ.

"ಮೂರು ಸಾವಿರದ ನಾನೂರ ತೊಂಬತ್ತೆಂಟು," ಅಂದ ಗುಮಾಸ್ತ. "ಎರಡು ಕಿಲೋ ಬಾಕಿ. ಊಟ ಮಾಡಿ ಬಂದಿದ್ರೆ ಕತೆ ಮುಗೀತಿತ್ತು ನೋಡಿ." ಚೀಟಿಗೆ ಮೊಹರು ಒತ್ತಿದ. ಅಲ್ಲಿಂದ ವಾಹನ ಕಚೇರಿಗೆ ಹೇಗೆ ಹೋದೆವೋ ದೇವರಿಗೇ ಗೊತ್ತು. ಕೌಂಟರಿನವಳು ಕುರ್ಚಿಯಿಂದ ಏಳುತ್ತಿದ್ದಳು.

ಶನಿವಾರ ಬೆಳಿಗ್ಗೆ ಹೊಸ ಮನೆಯವರ ಸಾಮಾನಿನ ಲಾರಿ ಬಂದು ನಿಂತಿತ್ತು. ಅಷ್ಟು ವರ್ಷ ಹೊರಡಬೇಕು ಹೊರಡಬೇಕು ಅಂತ ಚಡಪಡಿಸಿದ ಮಾವ, ಹೊರಡುವ ಗಳಿಗೆಗೆ ಟೈರಿನ ಗಾಳಿ ನೋಡಿದರು, ಕನ್ನಡಿ ಒರೆಸಿದರು, ಮತ್ತೆ ಟೈರು ನೋಡಿದರು. ಅತ್ತೆ ಒಳಗಿನಿಂದಲೇ ಕೈಚಾಚಿ ಹಾರ್ನ್ ಒತ್ತಿದರು. "ಬರ್ತೀರೋ, ನಾನೇ ಓಡಿಸಿಕೊಂಡು ಹೋಗ್ಲೋ?"

ಹೊರಟುಹೋದರು. ಬೀದಿಯ ತಿರುವಿನಲ್ಲಿ ಗಾಡಿ ಮರೆಯಾದ ಮೇಲೆ, ಎಲ್ಲಿಗೆ ಹೋಗುತ್ತಾರೆ ಅಂತ ಕೇಳುವುದನ್ನೇ ಮರೆತಿದ್ದೇನೆ ಅಂತ ಹೊಳೆಯಿತು. ಹತ್ತು ನಿಮಿಷ ತಡೆದೆ. ಆಮೇಲೆ ತಡೆಯಲಾಗಲಿಲ್ಲ.

"ಅತ್ತೆ, ಎಲ್ಲಿದ್ದೀರಿ? ಎಲ್ಲ ಸರಿ ಇದೆಯಾ?"

"ಪೆಟ್ರೋಲ್ ಬಂಕಿನಲ್ಲಿ. ಡೀಸೆಲ್ಲಿಗೂ ತೂಕ ಇದೆ, ಎರಡೇ ಲೀಟರ್ ಹಾಕಿಸೋಣ ಅಂತ ಕೂತಿದ್ದಾರೆ ನಿಮ್ಮ ಮಾವ." ಫೋನನ್ನು ಬಾಯಿಂದ ದೂರ ಹಿಡಿದು ಅತ್ತೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಎರಡು ಲೀಟರಿಗೆ ಎಷ್ಟು ದೂರ ಹೋಗೋಕಾಗುತ್ತ್ರೀ? ಆ ನೀರು ಅರ್ಧ ಚೆಲ್ಲಿ, ಡೀಸೆಲ್ ಟ್ಯಾಂಕ್ ತುಂಬಿಸಿ!"